ಸ್ನೇಪ್ ಮೇಷ್ಟ್ರು ಫ್ರೆಂಚರಿಗೆ ರೋಗ್ ಆದ ಬಗೆ

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಇಂಗ್ಲಿಷಿನಲ್ಲಿ ಬಂದದ್ದು 1997ರ ಜೂನ್‌ನಲ್ಲಿ. ಮರುವರ್ಷವೇ ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನದ ಮಕ್ಕಳ ವಿಭಾಗ ಅದನ್ನು ಫ್ರೆಂಚಿಗೆ ತಂದಿತು. ಅನುವಾದಕರು ಜಾಂ-ಫ್ರಾನ್ಸುವಾ ಮೆನಾರ್. ಆ ಪುಸ್ತಕ ಕೈಗೆತ್ತಿಕೊಂಡ ಫ್ರೆಂಚ್ ಮಗುವಿಗೆ ಹಾಗ್ವಾರ್ಟ್ಸ್ ಎಂಬ ಶಾಲೆ ಸಿಗುವುದಿಲ್ಲ, ಪುದ್ಲಾರ್ ಸಿಗುತ್ತದೆ. ಅಲ್ಲಿ ಸ್ನೇಪ್ ಮೇಷ್ಟ್ರಿಲ್ಲ, ರೋಗ್ ಇದ್ದಾರೆ. ಮರೆಗುಳಿ ನೆವಿಲ್ ಲಾಂಗ್‌ಬಾಟಮ್ ಅಲ್ಲಿ ನೆವಿಲ್ ಲೋಂದ್ಯುಬಾ. ಗಿಡಗಳ ಪಾಠ ಹೇಳುವ ಸ್ಪ್ರೌಟ್ ಮೇಡಂ ಅಲ್ಲಿ ಶೂರಾವ್ ಮೇಡಂ. ಶೂರಾವ್ ಅಂದರೆ ನಾವು ಹುಳಿಗೆ ಹಾಕುವ ನವಿಲುಕೋಸು. ಇಷ್ಟೆಲ್ಲ ಬದಲಾದರೂ ಹ್ಯಾರಿ ಹ್ಯಾರಿಯಾಗಿಯೇ ಇದ್ದಾನೆ. ಹರ್ಮಾಯ್ನಿ, ರಾನ್ ವೀಸ್ಲಿ, ಡಂಬಲ್‌ಡೋರ್, ಮೆಕ್‌ಗೊನಗಲ್ ಇವರ ಹೆಸರಿನ ಒಂದಕ್ಷರವೂ ಕದಲಿಲ್ಲ.

ಹಾಗಾದರೆ ಯಾರ ಹೆಸರು ಬದಲಾಗಬೇಕು, ಯಾರದು ಉಳಿಯಬೇಕು? ಇದನ್ನು ತೀರ್ಮಾನಿಸುವುದು ಹೇಗೆ?

ಕನ್ನಡ ವ್ಯಾಕರಣ ಓದಿದವರಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಬಗೆ ನೆನಪಿರುತ್ತದೆ. ಗುರುತಿಗೆಂದು ಇಟ್ಟದ್ದು ಅಂಕಿತನಾಮ. ಗುಣಕ್ಕೋ ಕಸುಬಿಗೋ ರೂಪಕ್ಕೋ ಒಪ್ಪುವಂತೆ ಬಂದದ್ದು ಅನ್ವರ್ಥನಾಮ. ಅನುವಾದಕರು ಸಾಮಾನ್ಯವಾಗಿ ಅಂಕಿತನಾಮದ ತಂಟೆಗೆ ಹೋಗುವುದಿಲ್ಲ. ಲಂಡನ್ನಿನ ಸ್ಮಿತ್ ಎಂಬಾತ ಪ್ಯಾರಿಸ್ಸಿಗೆ ಬಂದ ಮಾತ್ರಕ್ಕೆ ಅವನನ್ನು ಕಮ್ಮಾರ ಎಂದು ಕರೆಯಬೇಕಾಗಿಲ್ಲ. ತೊಡಕಿರುವುದು ಕಾದಂಬರಿಗಳಲ್ಲಿ. ಅಲ್ಲಿ ಲೇಖಕರು ಎಷ್ಟೋ ಸಲ ಅನ್ವರ್ಥನಾಮಕ್ಕೆ ಅಂಕಿತನಾಮದ ವೇಷ ಹಾಕಿ ರಂಗಕ್ಕೆ ಬಿಟ್ಟಿರುತ್ತಾರೆ. ಸ್ಪ್ರೌಟ್ ಅಂದರೆ ಮೊಳಕೆ ಎಂದು ಇಂಗ್ಲಿಷ್ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೇಳಿದೊಡನೆ ಅದರ ಮುಖ ಅರಳುತ್ತದೆ. ಅದೇ ಹೆಸರು ಫ್ರೆಂಚ್ ಮಗುವಿಗೆ ಬರೀ ಸದ್ದು. ಮಕ್ಕಳ ಕತೆಗೆ ಅಡಿಟಿಪ್ಪಣಿ ಹಾಕಲೂ ಆಗದು, ಹಾಕಿದರೆ ನಗು ಅಲ್ಲಿಗೇ ಸತ್ತುಹೋಗುತ್ತದೆ. ಆದ್ದರಿಂದ ಮೊಳಕೆ ಹೋಗಿ ನವಿಲುಕೋಸು ಬಂತು. ತರಕಾರಿ ಬದಲಾಯಿತು, ನಗು ಉಳಿಯಿತು.

ಈ ಕೆಲಸಕ್ಕೆ ಫ್ರೆಂಚ್ ಭಾಷೆ ಮೊದಲೇ ಹದವಾಗಿತ್ತು ಎನ್ನಬೇಕು. ಫ್ರೆಂಚರ ಮನೆತನದ ಹೆಸರುಗಳನ್ನು ಕೇಳಿ ನೋಡಿ: ದ್ಯುಬುವಾ ಅಂದರೆ ಕಾಡಿನವನು, ದ್ಯುಪೋಂ ಅಂದರೆ ಸೇತುವೆಯವನು, ಲಫೆವ್ರ್ ಅಂದರೆ ಕಮ್ಮಾರ, ಬುಲಾಂಜೆ ಅಂದರೆ ಬ್ರೆಡ್ಡು ಸುಡುವವನು. ಜನರ ಕಿವಿ ಇಂಥ ಹೆಸರುಗಳಿಗೆ ಪಳಗಿದೆ. ಜೊತೆಗೆ ಫ್ರೆಂಚಿನಲ್ಲಿ ಬರೆದ ಅಕ್ಷರವೆಲ್ಲ ಉಚ್ಚಾರಕ್ಕೆ ಬರುವುದಿಲ್ಲ. ಪದದ ಕೊನೆಯ ವ್ಯಂಜನ ಎಷ್ಟೋ ಕಡೆ ಮೌನ. ಮೆನಾರ್ ಈ ಮೌನವನ್ನೇ ಉಪಕರಣ ಮಾಡಿಕೊಂಡರು. ‘ಕೆಳಗೆ ಉದ್ದ’ ಎಂಬರ್ಥದ ಮೂರು ಪದಗಳನ್ನು ಬೆಸೆದು, ಕೊನೆಯಲ್ಲಿ ಉಚ್ಚಾರವಿಲ್ಲದ ಒಂದಕ್ಷರವನ್ನು ಕಿತ್ತು ಉಚ್ಚಾರವಿಲ್ಲದ ಇನ್ನೊಂದನ್ನು ಕೂರಿಸಿದಾಗ ಲೋಂದ್ಯುಬಾ ಆಯಿತು. ಕಣ್ಣಿಗೆ ಅದು ಯಾವುದೋ ಹಳ್ಳಿಯ ಹಳೇ ಮನೆತನ, ಕಿವಿಗೆ ಇಂಗ್ಲಿಷಿನದೇ ತಮಾಷೆ. ಹಾಗೆಯೇ ಇಲಿಯಾಗುವ ವರ್ಮ್‌ಟೇಲ್ ಕ್ಯೊದ್‌ವೆರ್ ಆದ, ಅಂದರೆ ಹುಳುವಿನ ಬಾಲ. ನಾಯಿಯಾಗುವ ಪ್ಯಾಡ್‌ಫುಟ್ ಪಾತ್‌ಮೋಲ್ ಆದ, ಮೆತ್ತನೆ ಪಂಜ. ಮಂತ್ರವಿದ್ಯೆ ಅರಿಯದ ನಮ್ಮಂಥವರನ್ನು ಕರೆಯುವ ಮಗಲ್ ಎಂಬ ಪದ ಮೋಲ್ದ್ಯು ಆಯಿತು. ಅದರ ಮೊದಲ ಭಾಗದಲ್ಲೂ ಮೆತ್ತನೆಯದೆಂಬ ಅರ್ಥವೇ ಕೇಳಿಸುತ್ತದೆ. ಶಾಲೆಯ ಹೆಸರಿನಲ್ಲಿ ಇಂಗ್ಲಿಷಿನವರು ಹಂದಿ ಮತ್ತು ನರುಲಿಯನ್ನು ಸೇರಿಸಿದ್ದರೆ, ಪುದ್ಲಾರ್‌ನಲ್ಲಿ ಹೇನು ಮತ್ತು ಹಂದಿಕೊಬ್ಬು ಸೇರಿವೆ. ಗಲೀಜು ಎಳ್ಳಷ್ಟೂ ಕಡಿಮೆಯಾಗಿಲ್ಲ.

ಇವುಗಳಲ್ಲೆಲ್ಲ ನನಗೆ ಅತಿ ಮೆಚ್ಚಿನದು ಆ ಮಾತನಾಡುವ ಹಳೇ ಟೋಪಿ. ಹೊಸ ಮಕ್ಕಳ ತಲೆಯ ಮೇಲೆ ಕೂತು ಯಾರು ಯಾವ ಬಣಕ್ಕೆ ಎಂದು ಹೇಳುವ ಅದಕ್ಕೆ ಇಂಗ್ಲಿಷಿನಲ್ಲಿರುವುದು ‘ವಿಂಗಡಿಸುವ ಟೋಪಿ’ ಎಂಬ ಸಪ್ಪೆ ಹೆಸರು. ಫ್ರೆಂಚಿನಲ್ಲಿ ಆಯ್ಕೆಗೆ ಶುವಾ, ಟೋಪಿಗೆ ಶಾಪೋ. ಎರಡನ್ನೂ ಬೆರೆಸಿ ಮೆನಾರ್ ಶುವಾಪೋ ಎಂದರು. ಮೂಲದಲ್ಲಿ ಇಲ್ಲದ ಚಮತ್ಕಾರ ಅನುವಾದದಲ್ಲಿ ಹುಟ್ಟಿತು. ಅನುವಾದವೆಂದರೆ ಬರೀ ನಷ್ಟದ ವ್ಯಾಪಾರ ಎನ್ನುವವರಿಗೆ ನಾನು ಈ ಟೋಪಿಯನ್ನು ತೋರಿಸುತ್ತೇನೆ.

ಕೆಲವು ಕಡೆ ಹೆಸರನ್ನು ಬದಲಿಸದೆ ದಾರಿಯೇ ಇರಲಿಲ್ಲ. ಕ್ವಿಡಿಚ್ ಆಟದ ನಾಯಕ ಆಲಿವರ್ ವುಡ್‌ನನ್ನೇ ತೆಗೆದುಕೊಳ್ಳಿ. ಅವನು ಕತೆಗೆ ಕಾಲಿಡುವ ಸನ್ನಿವೇಶದಲ್ಲಿ ಮೆಕ್‌ಗೊನಗಲ್ ಇನ್ನೊಬ್ಬ ಮೇಷ್ಟ್ರ ತರಗತಿಗೆ ಹೋಗಿ ‘ವುಡ್ ಅನ್ನು ಸ್ವಲ್ಪ ಹೊತ್ತು ಕಳಿಸಿ’ ಎಂದು ಕೇಳುತ್ತಾರೆ. ಪಕ್ಕದಲ್ಲಿ ನಡುಗುತ್ತಾ ನಿಂತ ಹ್ಯಾರಿ, ವುಡ್ ಅಂದರೆ ತನಗೆ ಬಾರಿಸಲು ತರಿಸುತ್ತಿರುವ ಬೆತ್ತ ಎಂದುಕೊಳ್ಳುತ್ತಾನೆ. ಹೆಸರು ವುಡ್ ಎಂದೇ ಉಳಿದರೆ ಫ್ರೆಂಚ್ ಓದುಗರಿಗೆ ಈ ಗಾಬರಿ ತಲುಪುವುದಿಲ್ಲ. ಓಲಿವಿಯೆ ದ್ಯುಬುವಾ ಎಂದಾಗ ತಲುಪುತ್ತದೆ, ಏಕೆಂದರೆ ‘ದ್ಯು ಬುವಾ’ ಎಂದು ಬಿಡಿಸಿದರೆ ಕಟ್ಟಿಗೆ ಎಂದೇ ಅರ್ಥ. ಆದರೆ ಇದಕ್ಕೊಂದು ಬೆಲೆ ತೆರಬೇಕಾಯಿತು. ದ್ಯುಬುವಾ ಫ್ರಾನ್ಸಿನ ಬೀದಿಬೀದಿಯಲ್ಲೂ ಸಿಗುವ ಹೆಸರು. ಸ್ಕಾಟ್ಲೆಂಡಿನ ಕೋಟೆಯಂಥ ಶಾಲೆಯಲ್ಲಿ ಒಬ್ಬ ಅಪ್ಪಟ ಫ್ರೆಂಚ್ ಹುಡುಗ ಓಡಾಡತೊಡಗಿದ.

ಸ್ನೇಪ್ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಸ್ನೇಪ್ ಎಂಬುದು ಇಂಗ್ಲೆಂಡಿನ ಸಫಕ್ ಸೀಮೆಯಲ್ಲಿರುವ ಒಂದು ಹಳ್ಳಿಯ ಹೆಸರೂ ಹೌದು. ಇಂಗ್ಲಿಷ್ ಕಿವಿಗೆ ಅದರೊಳಗೆ ಹಾವೊಂದು ಹರಿದಂತೆ, ಯಾರೋ ಸಿಡುಕಿದಂತೆ ಕೇಳಬಹುದು. ಆದರೆ ಇದಮಿತ್ಥಂ ಎಂದು ಹೇಳುವ ಅರ್ಥ ಅದಕ್ಕಿಲ್ಲ. ಫ್ರೆಂಚಿನ ರೋಗ್ ಹಾಗಲ್ಲ. ಇಂಗ್ಲಿಷಿನ ರೋಗ್ ಎಂಬ ಪದದ ಹಾಗೆಯೇ ಬರೆದರೂ ಇದರ ಅರ್ಥ ಬೇರೆ: ಸೊಕ್ಕಿನ ಮನುಷ್ಯ, ಮುಖ ಕೊಟ್ಟು ಮಾತನಾಡದವನು. ಸ್ನೇಪ್ ಒಳ್ಳೆಯವರೋ ಕೆಟ್ಟವರೋ ಎಂಬ ಅನುಮಾನವನ್ನು ಏಳನೆಯ ಪುಸ್ತಕದ ಕೊನೆಯವರೆಗೆ ಎಳೆದುಕೊಂಡು ಹೋಗುವುದೇ ಆ ಸರಣಿಯ ಹೂರಣ. ಫ್ರೆಂಚ್ ಓದುಗನಿಗೆ ಅವರ ಹೆಸರೇ ಮೊದಲ ದಿನ ತೀರ್ಪು ಕೊಟ್ಟುಬಿಡುತ್ತದೆ. ಅಂಕಿತನಾಮವಾಗಿಯೇ ಬಿಡಬೇಕಾದದ್ದು ಇಲ್ಲಿ ಅನ್ವರ್ಥನಾಮವಾಯಿತು. ಆದರೆ ಮೆನಾರ್ ಮುಂದೆ ಆಗ ಇದ್ದದ್ದು ಒಂದೇ ಪುಸ್ತಕ. ಆ ಪುಸ್ತಕದಲ್ಲಿ ಸ್ನೇಪ್ ಸೊಕ್ಕಿನ ಮೇಷ್ಟ್ರೇ. ಕೊನೆಯ ಪುಸ್ತಕ ಬಂದದ್ದು 2007ರಲ್ಲಿ. ಮಗು ದೊಡ್ಡದಾಗಿ ಏನಾಗುತ್ತದೋ ತಿಳಿಯದೆ ಅನ್ವರ್ಥನಾಮ ಇಡುವ ಕಷ್ಟ ಅವರದಾಗಿತ್ತು.

ಈ ಕಷ್ಟ ಬಯಲಿಗೆ ಬಂದದ್ದು ಸರಣಿಯ ಖಳನಾಯಕ ವೋಲ್ಡೆಮಾರ್‌ನ ಹುಟ್ಟುಹೆಸರಿನಲ್ಲಿ. ಎರಡನೆಯ ಪುಸ್ತಕದಲ್ಲಿ ಟಾಮ್ ಮಾರ್ವೊಲೊ ರಿಡ್ಲ್ ಎಂಬ ಹುಡುಗ ತನ್ನ ಹೆಸರಿನ ಅಕ್ಷರಗಳನ್ನು ಗಾಳಿಯಲ್ಲಿ ಬರೆದು, ಹಿಂದುಮುಂದಾಗಿಸಿ, ‘ನಾನೇ ವೋಲ್ಡೆಮಾರ್ ಪ್ರಭು’ ಎಂಬ ವಾಕ್ಯ ಮಾಡುತ್ತಾನೆ. ಫ್ರೆಂಚಿನಲ್ಲಿ ‘ಜ ಸ್ವಿ ವೋಲ್ದಮೋರ್’ ಎಂದಾಗಬೇಕು. ಅದಕ್ಕೆ ಹದಿನೈದು ಅಕ್ಷರ. ಆ ಹದಿನೈದನ್ನೇ ಕಲಕಿ ಮೆನಾರ್ ತೋಮ್ ಎಲ್ವಿಸ್ ಜೆದ್ಯುಸೋರ್ ಎಂಬ ಹೆಸರು ಹೊರತೆಗೆದರು. ಒಂದಕ್ಷರ ಮಿಗಲಿಲ್ಲ, ಕಡಿಮೆಯಾಗಲಿಲ್ಲ. ಮೇಲಾಗಿ ಇಂಗ್ಲಿಷಿನ ರಿಡ್ಲ್ ಅಂದರೆ ಒಗಟು, ಜೆದ್ಯುಸೋರ್‌ನಲ್ಲಿ ‘ವಿಧಿಯಾಟ’ ಎಂಬುದು ಕೇಳಿಸುತ್ತದೆ. ಪದಬಂಧ ಬಿಡಿಸುವವರು ಎದ್ದು ನಿಂತು ಕೈಮುಗಿಯಬೇಕಾದ ಕೆಲಸ. ಅಕ್ಷರ ಹೊಂದಿಸುವ ಅನಿವಾರ್ಯಕ್ಕೆ ನಡುವೆ ಬಂದ ಎಲ್ವಿಸ್ ಆಗ ಯಾರಿಗೂ ತೊಂದರೆ ಮಾಡಲಿಲ್ಲ. 2005ರ ಆರನೆಯ ಪುಸ್ತಕದಲ್ಲಿ ಲೇಖಕಿ ಆ ನಡುಹೆಸರಿನ ಮೂಲ ಬಿಚ್ಚಿದರು: ಮಾರ್ವೊಲೊ ಎಂಬುದು ಅವನ ತಾಯಿಯ ತಂದೆಯ ಹೆಸರು. ಕುಲಗರ್ವದಿಂದ ಕೊಳೆತುಹೋದ, ಪಾಳುಮನೆಯಲ್ಲಿ ಹಾವಿನ ಭಾಷೆ ಆಡುವ ಕ್ರೂರ ಮುದುಕ. ಫ್ರೆಂಚಿನಲ್ಲಿ ಅವನು ಎಲ್ವಿಸ್ ಗಾಂಟ್ ಆಗದೆ ವಿಧಿಯಿರಲಿಲ್ಲ. ಎಲ್ವಿಸ್ ಎಂದೊಡನೆ ಅಮೆರಿಕದ ಆ ರಾಕ್ ಗಾಯಕನೇ ಕಣ್ಣೆದುರು ಬರುವಾಗ ಆ ಮುದುಕನ ಭಯಂಕರತನ ಎಷ್ಟು ಉಳಿದೀತು?

ಇಂಥದೇ ಇನ್ನೊಂದು ಗಂಟು ಶಾಲೆಯ ರೇವನ್‌ಕ್ಲಾ ಬಣದ್ದು. ಇಂಗ್ಲಿಷಿನ ಹೆಸರಿನಲ್ಲಿರುವುದು ಕಾಗೆಯ ಜಾತಿಯ ಹಕ್ಕಿಯ ಉಗುರು. ಆದರೆ ಪುಸ್ತಕದ ಪ್ರಕಾರ ಬಣದ ಲಾಂಛನ ಹದ್ದು. ಮೆನಾರ್ ಲಾಂಛನವನ್ನು ನಂಬಿ ಸೆರ್‌ದೇಗ್ಲ್, ಅಂದರೆ ಹದ್ದಿನುಗುರು ಎಂದರು. ಮುಂದೆ ಸಿನಿಮಾದವರು ಲಾಂಛನದಲ್ಲಿ ಕರಿಯ ರೇವನ್ ಹಕ್ಕಿಯನ್ನೇ ಕೂರಿಸಿದರು. ಫ್ರೆಂಚ್ ಮಕ್ಕಳಿಗೆ ಕೇಳುವುದು ಹದ್ದು, ಕಾಣುವುದು ಕಾಗೆ.

ಮುಟ್ಟದೆ ಬಿಟ್ಟ ಹೆಸರು ಇದ್ದಂತೆಯೇ ಇರುತ್ತದೆ ಎಂದುಕೊಂಡರೆ ಅದೂ ನಿಜವಲ್ಲ. ರೀಮಸ್ ಲೂಪಿನ್ ಹೆಸರನ್ನು ಮೆನಾರ್ ಹಾಗೆಯೇ ಉಳಿಸಿದರು. ಲ್ಯಾಟಿನ್ ಬಲ್ಲವರಿಗೆ ಅದರಲ್ಲಿ ತೋಳದ ಸುಳಿವಿದೆ. ಹುಣ್ಣಿಮೆಗೆ ತೋಳವಾಗುವವನಿಗೆ ತಕ್ಕ ಹೆಸರೇ. ಆದರೆ ಫ್ರಾನ್ಸಿನಲ್ಲಿ ಆ ಹೆಸರು ಕೇಳಿದೊಡನೆ ಮೊದಲು ಎದ್ದು ಬರುವವನು 1905ರಲ್ಲಿ ಮೊರೀಸ್ ಲಬ್ಲಾಂ ಸೃಷ್ಟಿಸಿದ ಸಭ್ಯ ಕಳ್ಳ ಆರ್ಸೆನ್ ಲ್ಯುಪ್ಯಾಂ. ಇಂಗ್ಲಿಷಿನಲ್ಲಿಲ್ಲದ ನೆಂಟನೊಬ್ಬ ಫ್ರೆಂಚಿನಲ್ಲಿ ಕರೆಯದೇ ಬಂದ. ಇನ್ನು ಸಿರಿಯಸ್ ಬ್ಲ್ಯಾಕ್‌ನನ್ನು ಮುಟ್ಟದಿದ್ದದ್ದು ಪುಣ್ಯವೇ ಆಯಿತು. ಆರನೆಯ ಪುಸ್ತಕದ ಕೊನೆಯಲ್ಲಿ ಆರ್.ಎ.ಬಿ. ಎಂದು ಸಹಿ ಮಾಡಿದ ನಿಗೂಢ ಚೀಟಿಯೊಂದು ಸಿಗುತ್ತದೆ. ಡಚ್ಚಿನಲ್ಲೂ ನಾರ್ವೆಯ ಭಾಷೆಯಲ್ಲೂ ಬ್ಲ್ಯಾಕ್ ಕುಟುಂಬದ ಹೆಸರನ್ನು ಆಗಲೇ ಅನುವಾದಿಸಿಯಾಗಿತ್ತು. ಆದ್ದರಿಂದ ಅಲ್ಲಿ ಚೀಟಿಯ ಕೊನೆಯ ಅಕ್ಷರವೂ ಬದಲಾಯಿತು. ಬೇರೆ ಬೇರೆ ಭಾಷೆಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಓದುಗರಿಗೆ, ಲೇಖಕಿ ಏಳನೆಯ ಪುಸ್ತಕಕ್ಕೆಂದು ಕಾದಿಟ್ಟ ಗುಟ್ಟು ಎರಡು ವರ್ಷ ಮೊದಲೇ ಸಿಕ್ಕಿತು.

ರೋಲ್ಡ್ ಡಾಲ್‌ನ ‘ಮಟಿಲ್ಡಾ’ದಲ್ಲಿ ಈ ಇಕ್ಕಟ್ಟು ಇರಲಿಲ್ಲ. ಅದು ಒಂದೇ ಪುಸ್ತಕದಲ್ಲಿ ಮುಗಿಯುವ ಕತೆ, ಯಾರೂ ನಡುವೆ ಸ್ವಭಾವ ಬದಲಿಸುವುದಿಲ್ಲ. ಮಕ್ಕಳನ್ನು ಜಡೆ ಹಿಡಿದು ಎಸೆಯುವ ಮುಖ್ಯೋಪಾಧ್ಯಾಯಿನಿ ಟ್ರಂಚ್‌ಬುಲ್‌ಳನ್ನು ಆಂರಿ ರೊಬಿಯೊ ಲಗುರ್ದ್ಯಾಂ ಎಂದು ಕರೆದರು, ದೊಣ್ಣೆ ಎಂದರ್ಥ. ಮಟಿಲ್ಡಾಳ ಮನೆತನ ವರ್ಮ್‌ವುಡ್ ವೆರ್ದಬುವಾ ಆಯಿತು. ಒಳ್ಳೆಯ ಟೀಚರ್ ಮಿಸ್ ಹನಿಗೆ ಜೇನಿನ ಫ್ರೆಂಚ್ ಪದ ಕೊಡದೆ ಕ್ಯಾಂಡಿ ಎಂದದ್ದು ಬಹಳ ಸೂಕ್ಷ್ಮ. ನೋಡಲು ಅದು ಇಂಗ್ಲಿಷ್ ಹೆಸರು, ಆದ್ದರಿಂದ ಕತೆ ಇಂಗ್ಲೆಂಡಿನಲ್ಲೇ ಉಳಿಯುತ್ತದೆ. ಫ್ರೆಂಚಿನಲ್ಲಿ ಕಲ್ಲುಸಕ್ಕರೆಗೆ ‘ಕಾಂದಿ’ ಎಂಬ ಪದ ಇರುವುದರಿಂದ ಸಿಹಿಯೂ ತಪ್ಪುವುದಿಲ್ಲ. ಆ ಪದದ ಬೇರು ಹುಡುಕುತ್ತಾ ಅರಬ್ಬಿ, ಪಾರಸಿ ದಾಟಿದರೆ ನಮ್ಮ ‘ಖಂಡ’ಕ್ಕೇ, ಅಂದರೆ ಖಂಡಸಾರಿ ಸಕ್ಕರೆಯ ಖಂಡಕ್ಕೇ ಬಂದು ನಿಲ್ಲುತ್ತೇವೆ.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವರಿದ್ದಾರೆ. ಬಸವಪ್ಪ ಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ ಮಾಡಿದಾಗ ಹೆಸರಿನ ಜೊತೆ ಲೋಕವೂ ಬದಲಾಯಿತು. ಕುವೆಂಪು ಅವರ ‘ರಕ್ತಾಕ್ಷಿ’ಯಲ್ಲಿ ‘ಹ್ಯಾಮ್ಲೆಟ್’ ಬಿದನೂರಿಗೇ ಬಂದುಬಿಟ್ಟಿತು. ಈಚಿನ ಕನ್ನಡ ಅನುವಾದಗಳು ಹೆಚ್ಚಾಗಿ ಇದರ ಎದುರು ದಿಕ್ಕಿನವು, ಹೆಸರುಗಳನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆಯುತ್ತವೆ. ಮೆನಾರ್ ಹಿಡಿದದ್ದು ಇವೆರಡರ ನಡುವಿನ ದಾರಿ: ಊರು ಪರದೇಶದ್ದು, ಹೆಸರು ಮಾತ್ರ ಸ್ವಂತ ಭಾಷೆಯದು. ನನಗನಿಸುವಂತೆ ಅತಿ ಕಷ್ಟದ ದಾರಿಯೂ ಅದೇ, ಪ್ರತಿ ಹೆಸರಿಗೂ ಹೊಸದಾಗಿ ತೂಗಿ ನೋಡಬೇಕಾಗುತ್ತದೆ.

ಹೀಗೆ ತೂಗಿ ನೋಡುವ ಕೆಲಸವನ್ನು ಸ್ವತಃ ಲೇಖಕನೇ ಮಾಡಿಕೊಟ್ಟ ಉದಾಹರಣೆಯೊಂದಿದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕೀನ್ ಭಾಷಾಶಾಸ್ತ್ರಜ್ಞ. ಮೊದಲ ಮಹಾಯುದ್ಧ ಮುಗಿಸಿ ಬಂದವನೇ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ದುಡಿದವನು. 1950ರ ದಶಕದಲ್ಲಿ ಡಚ್ ಅನುವಾದ, ಅದರ ಹಿಂದೆಯೇ ಸ್ವೀಡಿಷ್ ಅನುವಾದ ಬಂದಾಗ ಹೆಸರುಗಳ ಗತಿ ಕಂಡು ಅವನಿಗೆ ಸಂಕಟವಾಯಿತು. 1960ರ ದಶಕದ ನಡುವೆ ಕೂತು ಅನುವಾದಕರಿಗೆಂದೇ ಒಂದು ಕೈಪಿಡಿ ಬರೆದ: ಪಟ್ಟಿಯಲ್ಲಿರುವ ಹೆಸರುಗಳನ್ನು ಅರ್ಥ ನೋಡಿ ನಿಮ್ಮ ಭಾಷೆಗೆ ತನ್ನಿ, ಪಟ್ಟಿಯಲ್ಲಿಲ್ಲದ್ದನ್ನು ಮುಟ್ಟಬೇಡಿ. ಅದಕ್ಕೆ ಅವನ ಬಳಿ ಕಾರಣವಿತ್ತು. ಅವನ ಕಲ್ಪನೆಯಲ್ಲಿ ಆ ಇಡೀ ಕತೆ ಪುರಾತನ ಭಾಷೆಯೊಂದರಿಂದ ತಾನು ಇಂಗ್ಲಿಷಿಗೆ ಅನುವಾದಿಸಿದ್ದು. ಇಂಗ್ಲಿಷಿನಂತೆ ಕೇಳುವ ಹೆಸರುಗಳೇ ಅನುವಾದ ಎಂದಮೇಲೆ ಬೇರೆ ಭಾಷೆಯಲ್ಲಿ ಅವು ಇಂಗ್ಲಿಷಾಗಿ ಉಳಿಯುವುದರಲ್ಲಿ ಅರ್ಥವಿಲ್ಲ.

1972-73ರಲ್ಲಿ ಬಂದ ಫ್ರಾನ್ಸಿಸ್ ಲದೂ ಅವರ ಫ್ರೆಂಚ್ ಅನುವಾದದಲ್ಲಿ ಬಿಲ್ಬೊ ಎಂಬ ಪಾತ್ರದ ಮನೆತನದ ಹೆಸರು ಬ್ಯಾಗಿನ್ಸ್ ಹೋಗಿ ಸಾಕೆ ಆಯಿತು. ಇಂಗ್ಲಿಷಿನ ಬ್ಯಾಗಿನ ಜಾಗದಲ್ಲಿ ಫ್ರೆಂಚಿನ ‘ಸಾಕ್’, ಚೀಲಕ್ಕೆ ಚೀಲ. ಅವನ ಮನೆ ಬ್ಯಾಗ್ ಎಂಡ್ ಕ್ಯು-ದ-ಸಾಕ್ ಆಯಿತು. ಮುಚ್ಚಿದ ಓಣಿಗೆ ಇಂಗ್ಲಿಷರು ಈ ಫ್ರೆಂಚ್ ಮಾತನ್ನೇ ಎರವಲು ತಂದು ಬಳಸುತ್ತಿದ್ದರು. ಟೋಲ್ಕೀನ್ ಅದನ್ನು ಅಪ್ಪಟ ಇಂಗ್ಲಿಷಿಗೆ ತಿರುಗಿಸಿ ಬ್ಯಾಗ್ ಎಂಡ್ ಎಂದಿದ್ದ. ಲದೂ ಕೈಯಲ್ಲಿ ಅದು ತವರಿಗೆ ಮರಳಿತು. 2014ರಿಂದ ದಾನಿಯೆಲ್ ಲೊಜೋಂ ಅವರ ಹೊಸ ಅನುವಾದ ಬರತೊಡಗಿತು. ಸಾಕೆ ಹೋಗಿ ಬೆಸಾಕ್ ಬಂತು. ಸ್ಟ್ರೈಡರ್ ಎಂಬ ಪಾತ್ರಕ್ಕೆ ಲದೂ ಇಟ್ಟದ್ದು ‘ದೊಡ್ಡ ಹೆಜ್ಜೆ’ ಎಂಬರ್ಥದ ಗ್ರಾಂ-ಪಾ, ಲೊಜೋಂ ಅದನ್ನು ‘ನೆಲ ಅಳೆಯುವವನು’ ಎಂಬರ್ಥದ ಆರ್ಪಾಂತರ್ ಮಾಡಿದರು. ಎರಡನೆಯದು ಬಿಗಿ, ಗಂಭೀರ, ಕಾಡಲೆಯುವ ಒಬ್ಬಂಟಿಗೆ ಒಪ್ಪುವಂಥದು. ಆದರೂ ನಲವತ್ತು ವರ್ಷ ಸಾಕೆ ಎಂದು ಓದಿಕೊಂಡು ಬಂದವರಿಗೆ ಬೆಸಾಕ್ ಯಾರೋ ಹೊರಗಿನವನಂತೆ ಕಂಡರೆ ಅವರನ್ನು ದೂರಲಾಗದು. ಅಷ್ಟು ವರ್ಷಗಳಲ್ಲಿ ಸಾಕೆ ಎಂಬುದು ಅನ್ವರ್ಥನಾಮವಾಗಿ ಉಳಿದಿರಲಿಲ್ಲ. ಚೀಲ ಯಾರ ನೆನಪಿಗೂ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಬಿಲ್ಬೊ.

ಜೀವಂತ ಮನುಷ್ಯರ ಹೆಸರೂ ಇಂಗ್ಲಿಷಿನಿಂದ ಫ್ರೆಂಚಿಗೆ ದಾಟಿದ್ದುಂಟು, ಅಲ್ಲಿ ಅರ್ಥವನ್ನು ಕೇಳಿದವರೇ ಇಲ್ಲ. 1704ರಲ್ಲಿ ಮ್ಯಾಸಚೂಸೆಟ್ಸಿನ ಗ್ರೋಟನ್ ಎಂಬ ಊರಿನಿಂದ ಮಥಾಯಸ್ ಫಾರ್ನ್ಸ್‌ವರ್ತ್ ಎಂಬ ಹುಡುಗನನ್ನು ಸೆರೆಹಿಡಿದು ಫ್ರೆಂಚರ ಕೈಯಲ್ಲಿದ್ದ ಕೆನಡಾಕ್ಕೆ ಒಯ್ದರು. ಅವನು ಅಲ್ಲೇ ನೆಲೆನಿಂತ. ಹೆಸರನ್ನು ಕಿವಿಗೆ ಬಿದ್ದಂತೆ ಬರೆಯುತ್ತಾ ಬರೆಯುತ್ತಾ ಆ ವಂಶ ಫಾನಫ್ ಎಂದಾಯಿತು. ಕ್ವಿಬೆಕ್‌ನಲ್ಲಿ ಇಂದಿಗೂ ಆ ಹೆಸರಿನವರಿದ್ದಾರೆ. ಅದೇ ವರ್ಷ ಡೀರ್‌ಫೀಲ್ಡಿನಿಂದ ಒಯ್ದ ರೈಸಿಂಗ್ ಎಂಬ ಹುಡುಗನ ಸಂತತಿ ರೇಜೆನ್. ಆ ಶತಮಾನದಲ್ಲಿ ಪದಗಳು ದಾಟುತ್ತಿದ್ದದ್ದೂ ಹೀಗೆಯೇ. ಇಂಗ್ಲಿಷರ ರೈಡಿಂಗ್ ಕೋಟು ಫ್ರೆಂಚಿನಲ್ಲಿ ರದ್ಯಾಂಗೋತ್ ಆಯಿತು. ಮುಂದೆ ಇಂಗ್ಲಿಷರೇ ಅದನ್ನು ಫ್ರೆಂಚ್ ಪದವೆಂದು ಮರಳಿ ಪಡೆದರು. ಅರಸರ ವಿಷಯದಲ್ಲಿ ಮಾತ್ರ ಪದ್ಧತಿ ಬೇರೆಯೇ. ಹಳೆಯ ಜೇಮ್ಸ್ ದೊರೆ ಫ್ರೆಂಚರಿಗೆ ಜಾಕ್, ವಿಲಿಯಂ ದೊರೆ ಗೀಯೋಮ್. ಆದರೆ ಇಂದಿನ ರಾಜಕುಮಾರ ವಿಲಿಯಂ ಫ್ರೆಂಚ್ ಪತ್ರಿಕೆಗಳಲ್ಲೂ ವಿಲಿಯಂ.

ಈಗ ಹೊಸ ಪದಗಳಿಗೆ ಸರ್ಕಾರಿ ಸಮಿತಿಗಳಿವೆ. ಹ್ಯಾಶ್‌ಟ್ಯಾಗ್ ಬದಲು ‘ಮೊ-ದಿಯೆಜ್’ ಬಳಸಿ ಎಂದು 2013ರಲ್ಲಿ ಫ್ರಾನ್ಸಿನ ಸರ್ಕಾರಿ ಗೆಜೆಟ್ಟು ಹೇಳಿತು. ಜನ ಹ್ಯಾಶ್‌ಟ್ಯಾಗ್ ಅನ್ನುವುದನ್ನು ಬಿಡಲಿಲ್ಲ. ಇಮೇಲ್‌ಗೆ ‘ಕುರಿಯೆಲ್’ ಎಂಬ ಚೆಂದದ ಪದ ಕ್ವಿಬೆಕ್‌ನಲ್ಲಿ ಬೇರೂರಿತು, ಪ್ಯಾರಿಸ್ಸಿನಲ್ಲಿ ಬಾಯಿಗೆ ಬರುವುದು ‘ಮೇಲ್’ ಎಂದೇ. ಆದರೆ ಯಾವ ಸಮಿತಿಯೂ ಮುದ್ರೆಯೊತ್ತದ, ಒಬ್ಬ ಅನುವಾದಕಿ ಕಾದಂಬರಿಗೆಂದು ಕಟ್ಟಿದ ಪದವೊಂದು ಫ್ರೆಂಚಿನಲ್ಲಿ ಆಳವಾಗಿ ಇಳಿದಿದೆ. ಆರ್ವೆಲ್‌ನ ‘1984’ ಬಂದ ಮರುವರ್ಷ, 1950ರಲ್ಲಿ, ಅಮೆಲಿ ಒದಿಬೆರ್ತಿ ಅದನ್ನು ಫ್ರೆಂಚಿಗೆ ತಂದರು. ಜನ ಬೇರೆ ಯೋಚನೆ ಮಾಡಲೇ ಆಗದಂತೆ ಪದಗಳನ್ನು ಕತ್ತರಿಸುತ್ತಾ ಹೋಗುವ ಆ ಸರ್ಕಾರಿ ಭಾಷೆಗೆ ಆರ್ವೆಲ್ ಇಟ್ಟದ್ದು ನ್ಯೂಸ್ಪೀಕ್. ಒದಿಬೆರ್ತಿ ಅದನ್ನು ನೋವ್ಲಾಂಗ್ ಎಂದರು. ಕಾದಂಬರಿ ಓದದವರೂ ಮಂತ್ರಿಗಳ, ಕಂಪನಿಗಳ ಪೊಳ್ಳು ಮಾತಿಗೆ ಆ ಪದ ಬಳಸತೊಡಗಿದರು, ನಿಘಂಟುಗಳೂ ಅದನ್ನು ಸೇರಿಸಿಕೊಂಡವು.

2018ರಲ್ಲಿ ಜೊಜೆ ಕಾಮುನ್ ಹೊಸ ಅನುವಾದದಲ್ಲಿ ಅದನ್ನು ತೆಗೆದು ನೆಯೋಪಾರ್ಲೆ ಎಂದು ಹಾಕಿದರು. ಆರ್ವೆಲ್ ಬಳಸಿದ್ದು ‘ಭಾಷೆ’ ಎಂಬ ಪದವನ್ನಲ್ಲ, ‘ಮಾತಾಡು’ ಎಂಬುದನ್ನು. ಪಕ್ಷ ಕಟ್ಟುತ್ತಿದ್ದದ್ದು ಭಾಷೆಯನ್ನಲ್ಲ, ಭಾಷೆಯನ್ನು ಕೊಲ್ಲುವ ಸಾಧನವನ್ನು ಎಂಬುದು ಅವರ ವಾದ. ಮೂಲವನ್ನು ಮುಂದಿಟ್ಟು ನೋಡಿದರೆ ಅವರ ಮಾತೇ ಸರಿ ಎನಿಸುತ್ತದೆ. ಆದರೂ ಪತ್ರಿಕೆಗಳಲ್ಲಿ ವಾಗ್ವಾದ ಎದ್ದಿತು, ಎಷ್ಟೋ ಓದುಗರು ನೋವ್ಲಾಂಗ್ ಬಿಟ್ಟುಕೊಡಲು ಒಪ್ಪಲಿಲ್ಲ. 2020ರಲ್ಲಿ ಪ್ಲೆಯಾದ್ ಗ್ರಂಥಮಾಲೆಗೆ ಅನುವಾದಿಸಿದ ಫಿಲಿಪ್ ಜಾವೋರ್ಸ್ಕಿ ನೆಯೋಪಾರ್ಲ್ ಎಂಬ ಮೂರನೆಯ ರೂಪ ಕೊಟ್ಟರು. ಸೆಲಿಯಾ ಇಜೊವಾರ್ ತಮ್ಮ ಅನುವಾದದಲ್ಲಿ ಒದಿಬೆರ್ತಿ ಅವರ ಪದವನ್ನೇ ಉಳಿಸಿಕೊಂಡರು. ಇಂದು ಪುಸ್ತಕದಂಗಡಿಗೆ ಹೋದ ಫ್ರೆಂಚ್ ಓದುಗನಿಗೆ ಒಂದೇ ಕಾದಂಬರಿಯ ಬೇರೆ ಬೇರೆ ಅನುವಾದಗಳಲ್ಲಿ ಈ ಮೂರೂ ಪದಗಳು ಸಿಗುತ್ತವೆ. ಸಂಪಾದಕೀಯ ಬರೆಯುವವರು, ವಿಧಾನಮಂಡಲದಲ್ಲಿ ಎದುರಾಳಿಯನ್ನು ಹಳಿಯುವವರು ಮಾತ್ರ ನೋವ್ಲಾಂಗ್ ಎಂದೇ ಹೇಳುತ್ತಿದ್ದಾರೆ.